ಗಾಜಿನ ಪಟ್ಟಿಯ ಮೇಲೆ ನದಿಯ ಆರೋಗ್ಯ

ಹೊಳೆಗಿಳಿದು ಕಲ್ಲಿನ ಮೇಲೆ ಕಾಲಿಟ್ಟರೆ ಸರ್ರನೆ ಜಾರುತ್ತದಲ್ಲವೇ? ಆ ಕಂದು ಲೋಳೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೋಣಿ, ಕಡ್ಡಿ, ಬಿಲ್ಲೆಗಳ ಆಕಾರದ ಜೀವಿಗಳು ಕಾಣುತ್ತವೆ. ಇವು ಡಯಾಟಮ್‌ಗಳು, ಒಂಟಿಕೋಶದ ಪಾಚಿಗಳು. ನೀರಿನಲ್ಲಿ ಕರಗಿರುವ ಸಿಲಿಕಾ ಹೀರಿಕೊಂಡು ಗಾಜಿನಂಥ ಕವಚ ಕಟ್ಟಿಕೊಳ್ಳುತ್ತವೆ. ಇವುಗಳನ್ನು ಎಣಿಸಿ ನದಿಯ ಆರೋಗ್ಯ ಅಳೆಯುವ ದಾರಿ ತೋರಿದವರು ಅಮೆರಿಕದ ರೂತ್ ಪ್ಯಾಟ್ರಿಕ್.

ರೂತ್ ಹುಟ್ಟಿದ್ದು 1907ರಲ್ಲಿ, ಕಾನ್ಸಾಸ್ ರಾಜ್ಯದಲ್ಲಿ. ವಕೀಲರಾಗಿದ್ದ ತಂದೆಗೆ ಡಯಾಟಮ್‌ಗಳ ಹುಚ್ಚು. ಮಗಳಿಗೆ ಏಳು ವರ್ಷವಾದಾಗ ಅವಳದೇ ಒಂದು ಸೂಕ್ಷ್ಮದರ್ಶಕ ಕೊಟ್ಟರು. 1934ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಬಂತು, ಸಂಬಳ ಮಾತ್ರ ಬರಲಿಲ್ಲ. ಫಿಲಡೆಲ್ಫಿಯಾದ ನೈಸರ್ಗಿಕ ವಿಜ್ಞಾನ ಅಕಾಡೆಮಿಯಲ್ಲಿ 1945ರವರೆಗೂ ಅವರು ಬಿಟ್ಟಿ ದುಡಿದರು. ಅಷ್ಟು ಕಾಲ ಅದನ್ನು ಸಹಿಸಿದ ಅವರ ಪಟ್ಟು ದೊಡ್ಡದು.

ಆಗ ನದಿ ಪರೀಕ್ಷೆಯೆಂದರೆ ಒಂದು ಸೀಸೆ ನೀರು ತಂದು ಅದರ ರಾಸಾಯನಿಕಗಳನ್ನು ಅಳೆಯುವುದು. ಕಾರ್ಖಾನೆ ರಾತ್ರಿ ಕೊಳೆನೀರು ಬಿಟ್ಟು, ಬೆಳಗ್ಗೆ ಹೊಳೆ ತಿಳಿಯಾಗಿ ಹರಿದರೆ? ಸೀಸೆಯಲ್ಲಿ ಏನೂ ಸಿಗುವುದಿಲ್ಲ. ಆದರೆ ಕಲ್ಲಿಗಂಟಿಕೊಂಡ ಜೀವಿಗಳು ಆ ರಾತ್ರಿಯ ಪೆಟ್ಟು ತಿಂದಿರುತ್ತವೆ.

1948ರಲ್ಲಿ ರೂತ್ ಪೆನ್ಸಿಲ್ವೇನಿಯಾದ ಕಾನೆಸ್ಟೋಗಾ ಹೊಳೆಗೆ ಹೊರಟರು. ಜೊತೆಗೆ ರಸಾಯನಶಾಸ್ತ್ರ, ಬ್ಯಾಕ್ಟೀರಿಯಾ, ಹುಳುಹುಪ್ಪಟೆ, ಮೀನು ಬಲ್ಲ ತಜ್ಞರ ತಂಡ. ರಾಸಾಯನಿಕ ಲೆಕ್ಕವನ್ನು ಅವರು ಕೈಬಿಡಲಿಲ್ಲ, ಜೀವಿಗಳ ಲೆಕ್ಕದ ಪಕ್ಕದಲ್ಲಿಟ್ಟು ಓದಿದರು. ಒಂದೇ ಜೀವಿಯನ್ನು ನಂಬದೆ ಇಡೀ ಸಮುದಾಯವನ್ನೇ ವಿಚಾರಿಸಿದ್ದು ಅವರ ಹೆಚ್ಚುಗಾರಿಕೆ. ಆರೋಗ್ಯವಂತ ಹೊಳೆಯಲ್ಲಿ ಪ್ರಭೇದಗಳು ಹಲವು, ಬಹುಪಾಲು ಪ್ರಭೇದಗಳಲ್ಲಿ ಜೀವಿಗಳು ಕೆಲವೇ. ಕೆಟ್ಟ ಹೊಳೆಯಲ್ಲಿ ಅದು ತಿರುವುಮುರುವು: ಸೂಕ್ಷ್ಮವಾದವು ಅಳಿದು, ಕೊಳೆ ಸಹಿಸುವ ನಾಲ್ಕಾರು ಪ್ರಭೇದಗಳೇ ಮಿತಿಮೀರಿ ಬೆಳೆಯುತ್ತವೆ.

ಎಣಿಕೆಗಾಗಿ ಅವರ ತಂಡ ಡಯಾಟೋಮೀಟರ್ ಎಂಬ ಸರಳ ಸಾಧನ ರೂಪಿಸಿತು. ಗಾಜಿನ ಪಟ್ಟಿಗಳಿರುವ ಚಿಕ್ಕ ಚೌಕಟ್ಟದು. ಹೊಳೆಯಲ್ಲಿ ತೇಲಿಬಿಟ್ಟು ಕೆಲವು ದಿನ ಕಾದರೆ ಡಯಾಟಮ್‌ಗಳು ತಾವಾಗಿ ಬಂದು ನೆಲೆಸುತ್ತವೆ. ಎಲ್ಲ ಹೊಳೆಗಳಲ್ಲೂ ಒಂದೇ ಬಗೆಯ ಗಾಜಾದ್ದರಿಂದ ಹೋಲಿಸುವುದು ಸುಲಭ.

1951ರಲ್ಲಿ ಸವಾನಾ ನದಿಯ ದಡದಲ್ಲಿ ಪರಮಾಣು ಸ್ಥಾವರ ಏಳುತ್ತಿದ್ದಾಗ, ಅದು ಕೆಲಸ ಶುರುಮಾಡುವ ಮೊದಲೇ ರೂತ್ ತಂಡ ನದಿಯ ಜೀವಿಗಳ ಪಟ್ಟಿ ಮಾಡಿತು. ಹಾಗಾಗಿ ಮುಂದೆ ಏನು ಬದಲಾಯಿತೆಂದು ಹೋಲಿಸಲು ಹಳೆಯ ಲೆಕ್ಕವೊಂದು ಕೈಯಲ್ಲಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಲೇ ಅವರು ಹೊಳೆಗಿಳಿಯುವುದನ್ನೂ ಬಿಡಲಿಲ್ಲ. 1996ರಲ್ಲಿ ರಾಷ್ಟ್ರೀಯ ವಿಜ್ಞಾನ ಪದಕ ಬಂದಾಗ ಅವರಿಗೆ ಎಂಬತ್ತೆಂಟು ದಾಟಿತ್ತು, ಅಮೆರಿಕದ ನದಿಗಳ ಕುರಿತ ಸಂಪುಟಗಳ ಬರವಣಿಗೆ ಇನ್ನೂ ನಡೆದಿತ್ತು.