ಮಂಡಿ ಪಟ್ಟಿ ಓದುವ ಮಗಳು



ಅಂಗಡಿಯವರ ಮನೆಯ ಹುಡುಗ ಬಿ.ಕಾಂ.ಗೆ ಸೇರುವಷ್ಟರಲ್ಲಿ ಅರ್ಧ ಪಾಠ ಊಟಕ್ಕೆ ಕೂತಲ್ಲೇ ಮುಗಿದಿರುತ್ತದೆ. ಯಾರಿಗೆ ಉದ್ರಿ ಕೊಡಬಾರದು, ಜಿಎಸ್‌ಟಿ ರಿಟರ್ನ್ ತಡವಾದರೆ ಏನಾಗುತ್ತದೆ, ಊರಿನಲ್ಲಿ ಒಳ್ಳೆಯ ಆಡಿಟರು ಯಾರು, ಎಲ್ಲವೂ ಕಿವಿಗೆ ಬಿದ್ದಿರುತ್ತವೆ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ರೈತರ ಮಗಳೂ ಅದೇ ಪುಸ್ತಕ ಓದುತ್ತಾಳೆ, ಅಷ್ಟೇ ಅಂಕ ತೆಗೆಯುತ್ತಾಳೆ. ಆದರೆ ಯಾರನ್ನು, ಏನೆಂದು ಕೇಳಬೇಕು? ಅದು ಯಾವ ಪುಸ್ತಕದಲ್ಲೂ ಇಲ್ಲ.

ಸಿಎ ಓದುವವರನ್ನೇ ನೋಡಿ. ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಆರ್ಟಿಕಲ್‌ಶಿಪ್, ಅಂದರೆ ಆಡಿಟರ ಕಚೇರಿಯಲ್ಲಿ ತರಬೇತಿ. 2023ರ ಹೊಸ ಪದ್ಧತಿಯಲ್ಲಿ ಅದು 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ಸಮಯ ಕಡಿಮೆ, ಹಾಗಾಗಿ ಸೇರುವ ಕಚೇರಿ ಮುಖ್ಯ. ಎಲ್ಲಿ ನಿಜಕ್ಕೂ ಆಡಿಟ್ ಕಲಿಸುತ್ತಾರೆ, ಎಲ್ಲಿ ಬರೀ ರಿಟರ್ನ್ ತುಂಬಿಸುತ್ತಾರೆ ಎಂಬುದು ಒಳಗಿದ್ದು ಬಂದವರಿಗಷ್ಟೇ ಗೊತ್ತು.

ಅಂಥ ಸುದ್ದಿ ಯಾರಿಂದ ಸಿಗುತ್ತದೆ? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಕೆಲಸ ಬದಲಿಸಿದವರನ್ನು ವಿಚಾರಿಸಿ, 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಿಚಯದಿಂದ ಕೆಲಸ ಸಿಕ್ಕವರಲ್ಲಿ, ಸುದ್ದಿ ಕೊಟ್ಟವರನ್ನು ಆಗಾಗ ಕಾಣುತ್ತಿದ್ದವರು ಶೇ. 17ರಷ್ಟು ಮಾತ್ರ. ಉಳಿದವರಿಗೆ ಸುದ್ದಿ ತಂದದ್ದು ಯಾವಾಗಲೋ ಒಮ್ಮೆ ಸಿಗುವ ಜನ. ನಮ್ಮವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ! ಹೊಸ ಸುದ್ದಿ ಬರಬೇಕಾದರೆ ಬೇರೆ ಕೇರಿಯಿಂದಲೇ ಬರಬೇಕು. ರೈತರ ಮಗಳಿಗೆ ಇಲ್ಲದ್ದು ಈ ಬೇರೆ ಕೇರಿಯ ನಂಟು. ಮೆಂಟರ್ ಅಥವಾ ಮಾರ್ಗದರ್ಶಕರು ಎಂದರೆ ಅಂಥ ನಂಟು. ತಿಂಗಳಿಗೊಮ್ಮೆ ಸಿಕ್ಕರೂ ಸಾಕು. ವರ್ಷಕ್ಕೊಮ್ಮೆ ಬಂದು, ಶಾಲು ಹೊದಿಸಿಕೊಂಡು, ‘ಕಷ್ಟಪಟ್ಟು ಓದಿ’ ಎಂದು ಹೇಳಿ ಹೋಗುವುದನ್ನು ನಾನಂತೂ ಮಾರ್ಗದರ್ಶನ ಎನ್ನಲಾರೆ. ಕಷ್ಟಪಡುವುದನ್ನು ಆ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹೀಗೊಂದು ಮಾತುಕತೆ ಊಹಿಸಿಕೊಳ್ಳಿ. ಹುಡುಗಿ ಮಾರ್ಗದರ್ಶಕಿಯ ಬಳಿ ಬಯೋಡೇಟಾ ತಂದಿದ್ದಾಳೆ. ‘ಅನುಭವ’ ಎಂಬಲ್ಲಿ ಒಂದು ಗೆರೆ ಎಳೆದಿದ್ದಾಳೆ.

“ಅಪ್ಪ ಮಂಡಿಯಿಂದ ತಂದ ಪಟ್ಟಿ ಮನೇಲಿ ಯಾರಮ್ಮ ಓದೋದು?”

“ನಾನೇ, ಮೇಡಂ. ತೂಕ, ಹಮಾಲಿ, ಮುಂಗಡ ಮುರ್ಕೊಂಡಿದ್ದು ಎಲ್ಲಾ ಕೂಡಿ ನೋಡ್ತೀನಿ. ಒಂದ್ಸಲ ಮುಂಗಡ ಎರಡು ಸಲ ಹಿಡ್ದಿದ್ರು. ಅಪ್ಪನ್ ಜೊತೆ ಹೋಗಿ ಸರಿ ಮಾಡಿಸ್ದೆ.”

“ಆಡಿಟರ ಕಚೇರೀಲಿ ಇನ್ನೇನು ಮಾಡ್ತಾರೆ ಅಂದ್ಕೊಂಡಿದ್ದೀಯ? ಆ ಗೆರೆ ಹೊಡೆದುಹಾಕು. ಇದನ್ನ ಬರಿ.”