ಬಾಣದ ಮೇಲಿನ ಕ್ರಿಯಾಪದ



ನರ್ಸಿಂಗ್ ಮೊದಲ ವರ್ಷದ ತರಗತಿಯಲ್ಲಿ ನಾನು ಪ್ರತಿವರ್ಷ ಕೇಳುತ್ತಿದ್ದ ಪ್ರಶ್ನೆಯೊಂದಿದೆ. ಭೇದಿಯಾದವರಿಗೆ ಓಆರ್‌ಎಸ್ ಕೊಡುತ್ತೇವಲ್ಲ, ಅದರಲ್ಲಿ ಸಕ್ಕರೆ ಯಾಕೆ? ‘ಸುಸ್ತಾಗಿರುತ್ತೆ ಸರ್, ಶಕ್ತಿ ಬರಲಿ ಅಂತ.’ ವರ್ಷ ಬದಲಾದರೂ ಉತ್ತರ ಬದಲಾಗಲಿಲ್ಲ. ಅದೇ ಮಕ್ಕಳು ಹಿಂದಿನ ವಾರವಷ್ಟೇ ಸಣ್ಣಕರುಳಿನ ಚಿತ್ರ ಬರೆದು, ವಿಲ್ಲೈಗಳನ್ನು ಗುರುತಿಸಿ, ಹತ್ತಕ್ಕೆ ಒಂಬತ್ತು ಅಂಕ ತೆಗೆದಿರುತ್ತಿದ್ದರು. ಅಂಗರಚನೆಗೆ ಒಂದು ಪೀರಿಯಡ್, ಶರೀರಕ್ರಿಯೆಗೆ ಇನ್ನೊಂದು. ರೋಗಿ ಮಾತ್ರ ಎರಡನ್ನೂ ಒಟ್ಟಿಗೇ ಹೊತ್ತು ಬರುತ್ತಾನೆ.

ಪರಿಕಲ್ಪನಾ ನಕ್ಷೆ ನನ್ನ ಕೈಹಿಡಿದದ್ದು ಇಲ್ಲಿ. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೋವಾಕ್ ಮತ್ತು ಸಂಗಡಿಗರು, ಮಕ್ಕಳೊಡನೆ ನಡೆಸಿದ ಸಂದರ್ಶನಗಳ ಕಂತೆಯನ್ನು ಅಡಕವಾಗಿ ತೋರಿಸಲು ಹೊರಟು ಇದನ್ನು ರೂಪಿಸಿದರು. ಚೌಕಗಳಲ್ಲಿ ಪದ ಬರೆದು ನಡುವೆ ಗೆರೆ ಎಳೆದರೆ ನಕ್ಷೆಯಾಯಿತು ಎನ್ನುವವರಿದ್ದಾರೆ. ಅದು ಪಟ್ಟಿಗೇ ಹಾಕಿದ ಚೌಕಟ್ಟು. ಬಾಣದ ಮೇಲೆ ಕ್ರಿಯಾಪದ ಬೇಕು. ತಿಳಿವಳಿಕೆ ಇದೆಯೋ ಇಲ್ಲವೋ ಬಯಲಾಗುವುದು ಅಲ್ಲಿಯೇ.

ಒಂದು ದಿನ ತರಗತಿಯಲ್ಲಿ ‘ಸಕ್ಕರೆ’ ಮತ್ತು ‘ಸೋಡಿಯಂ’ ಎಂದು ಬೋರ್ಡಿನಲ್ಲಿ ಬರೆದು ನಡುವೆ ಬಾಣ ಎಳೆದೆ. ಏನು ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ‘ಭೇದಿಯಾದಾಗ ಮನೇಲಿ ಅಜ್ಜಿ ಏನು ಕೊಡ್ತಾರೆ?’ ಎಂದೆ. ಹಿಂದಿನ ಬೆಂಚಿನಿಂದ ಬಂತು: ‘ಗಂಜಿ ಸರ್, ಉಪ್ಪು ಹಾಕಿ.’ ಅಲ್ಲಿಂದ ದಾರಿ ಸಲೀಸಾಯಿತು. ಗಂಜಿಯ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತದೆ. ಕರುಳಿನ ಜೀವಕೋಶದ ಅಂಚಿನಲ್ಲಿರುವ ಪ್ರೋಟೀನೊಂದು ಗ್ಲೂಕೋಸನ್ನೂ ಸೋಡಿಯಮನ್ನೂ ಜೊತೆಜೊತೆಗೇ ಒಳಗೆ ಸೇರಿಸುತ್ತದೆ. ಅವುಗಳ ಹಿಂದೆ ನೀರು ಹೋಗುತ್ತದೆ. ಕಾಲರಾ ವಿಷ ಕರುಳಿನೊಳಕ್ಕೆ ಕ್ಲೋರೈಡನ್ನೂ ನೀರನ್ನೂ ಸುರಿಸುತ್ತದೆ, ಆದರೆ ಈ ಬಾಗಿಲನ್ನು ಮುಚ್ಚಲಾರದು. ಬಾಣದ ಮೇಲೆ ಒಬ್ಬಳು ‘ಒಳಗೆ ಕರೆದೊಯ್ಯುತ್ತದೆ’ ಎಂದು ಬರೆದಳು. ಇನ್ನೊಬ್ಬ ಕೇಳಿದ: ‘ಹಾಗಾದ್ರೆ ಸಕ್ಕರೆ ಜಾಸ್ತಿ ಹಾಕಿದ್ರೆ ಇನ್ನೂ ಒಳ್ಳೇದಲ್ವಾ?’ ಪಠ್ಯಪುಸ್ತಕ ಎದುರುನೋಡದ ಪ್ರಶ್ನೆ! ಹೀರಲಾಗದೆ ಉಳಿದ ಸಕ್ಕರೆ ನೀರನ್ನು ಕರುಳಿನೊಳಕ್ಕೇ ಎಳೆದು ಭೇದಿ ಹೆಚ್ಚಿಸುತ್ತದೆ. ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಮನೆಯಳತೆ ಆಮೇಲೆ ಯಾರಿಗೂ ಮರೆಯಲಿಲ್ಲ.

ಪಶ್ಚಿಮ ಬಂಗಾಳದ ಬನಗಾಂವ್‌ನ 1971ರ ಕಥೆಯನ್ನು ಆ ದಿನ ಹೇಳದೆ ಇರಲಾಗಲಿಲ್ಲ. ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ. ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಿತ್ತು. ವೈದ್ಯ ದಿಲೀಪ್ ಮಹಲನಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸಲು ಹೇಳಿದರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ನಮ್ಮ ಬೋರ್ಡಿನ ಮೇಲಿದ್ದ ಒಂದೇ ಬಾಣ ಅಲ್ಲಿ ಕೆಲಸ ಮಾಡಿತ್ತು.

ನಕ್ಷೆಗೆ ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ತಲೆಬುರುಡೆಯ ಎಲುಬುಗಳಿಗೆ ಅದು ಬೇಕಾಗಿಯೂ ಇಲ್ಲ. ಅವನ್ನು ಬಾಯಿಪಾಠ ಮಾಡಿಸಿ, ತಪ್ಪೇನಿಲ್ಲ. ಆದರೆ ‘ಭಾಗಗಳನ್ನು ಗುರುತಿಸಿ’ ಎಂದು ಪ್ರಶ್ನೆಪತ್ರಿಕೆ ತಯಾರಿಸುವ ಮಿತ್ರರೆ, ಈ ಸಲ ಒಂದು ಪ್ರಶ್ನೆಯಲ್ಲಾದರೂ ಪದಗಳನ್ನು ನೀವೇ ಕೊಟ್ಟು, ಬಾಣಗಳ ಮೇಲಿನ ಜಾಗವನ್ನು ಖಾಲಿ ಬಿಡಿ.