ಸೋರುವ ಜೋಡಣೆ: ಮನೆಯಲ್ಲೇ ದುರಸ್ತಿ, ಊರಿಗೆಲ್ಲ ರಕ್ಷಣೆ

(ಕುಡಿಯುವ ನೀರಿನ ನಿರ್ವಹಣೆ ಕುರಿತು ಗ್ರಾಮ ಪಂಚಾಯಿತಿ ಸದಸ್ಯರಿಗೆ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ಗ್ರಾಮೀಣ ಪ್ರದೇಶದ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ನಲ್ಲಿಯ ಮೂಲಕ ಒದಗಿಸುವ ಗುರಿಯನ್ನು ಹೊಂದಿದೆ. ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಪರಿಚಿತವಾದ ಈ ಯೋಜನೆಯಿಂದ ನಲ್ಲಿಯು ಮನೆಯಂಗಳಕ್ಕೆ ಬಂದಿದೆ. ಅದರೊಡನೆ ಎಲ್ಬೋ, ಟೀ, ಕಪ್ಲಿಂಗ್, ವಾಲ್ವ್‌ಗಳೂ ಬಂದಿವೆ. ನೀರು ಹೆಚ್ಚಾಗಿ ಸೋರುವುದು ಈ ಜೋಡಣೆಗಳಲ್ಲಿಯೇ.

ಹತ್ತು ನಿಮಿಷಕ್ಕೆ ಒಂದು ಲೀಟರಿನ ಚೊಂಬು ತುಂಬುವಷ್ಟು ಸೋರಿಕೆಯು ಮನೆಯ ಮೇಲಿನ ಟ್ಯಾಂಕಿನ ಪೈಪಿನಲ್ಲಿದ್ದರೆ, ದಿನವೊಂದಕ್ಕೆ 144 ಲೀಟರ್ ನೀರು ವ್ಯರ್ಥವಾಗುತ್ತದೆ. ಇದು ಇಬ್ಬರ ದಿನದ ಪಾಲಿಗಿಂತಲೂ ಅಧಿಕ.

ಆದರೆ ಹೊರಹೋಗುವ ನೀರಿಗಿಂತ ಒಳಬರುವ ನೀರು ಹೆಚ್ಚು ಅಪಾಯಕಾರಿ. ಹಳ್ಳಿಗಳಲ್ಲಿ ನೀರನ್ನು ದಿನವಿಡೀ ಬಿಡುವುದಿಲ್ಲ. ನೀರುಗಂಟಿ ವಾಲ್ವ್ ಮುಚ್ಚಿದೊಡನೆ ಪೈಪಿನಲ್ಲಿದ್ದ ನೀರು ತಗ್ಗಿನ ಕಡೆಗೆ ಇಳಿಯುತ್ತದೆ. ಬರಿದಾದ ಪೈಪು ಹೊರಗಿನದನ್ನು ಒಳಗೆ ಹೀರುತ್ತದೆ. ಸೋರುವ ಜೋಡಣೆಯು ಚರಂಡಿಯ ಪಕ್ಕದಲ್ಲಿದ್ದರೆ ಕೊಳಚೆಯೇ ಒಳಸೇರುತ್ತದೆ. ಮರುದಿನ ಅದೇ ನೀರು ಅಕ್ಕಪಕ್ಕದ ಮನೆಗಳ ಕೊಡಗಳನ್ನೂ ತುಂಬಬಹುದು. ವಾಂತಿಭೇದಿಯ ಪ್ರಕರಣಗಳು ಒಂದೇ ಬೀದಿಯಲ್ಲಿ ಕಾಣಿಸಿಕೊಂಡಾಗ ಮೊದಲು ಶಂಕಿಸಬೇಕಾದ ಕಾರಣಗಳಲ್ಲಿ ಇದೂ ಒಂದು. ಆದ್ದರಿಂದ ಜೋಡಣೆಗೆ ಬಟ್ಟೆ ಅಥವಾ ಸೈಕಲ್ ಟ್ಯೂಬ್ ಸುತ್ತುವುದು ದುರಸ್ತಿಯಲ್ಲ. ಅದು ಕೇವಲ ತೋರಿಕೆಯ ಪರಿಹಾರ.

ಪಿ.ವಿ.ಸಿ. ಪೈಪಿನ ಗಮ್ ಸಾಮಾನ್ಯ ಅಂಟಲ್ಲ. ಅದು ಪೈಪಿನ ಹೊರಮೈಯನ್ನೂ ಫಿಟ್ಟಿಂಗ್‌ನ ಒಳಮೈಯನ್ನೂ ತುಸು ಕರಗಿಸಿ ಎರಡನ್ನೂ ಬೆಸೆಯುತ್ತದೆ. ಸೋರುವ ಜಾಗಕ್ಕೆ ಹೊರಗಿನಿಂದ ಗಮ್ ಬಳಿದರೆ ಸೋರಿಕೆ ನಿಲ್ಲದಿರುವುದಕ್ಕೂ, ಒದ್ದೆಯ ಮೇಲೆ ಗಮ್ ಹಿಡಿಯದಿರುವುದಕ್ಕೂ ಇದೇ ಕಾರಣ. ಒಮ್ಮೆ ಬೆಸೆದ ಎಲ್ಬೋವನ್ನು ಬಿಚ್ಚಿ ಮತ್ತೆ ಬಳಸಲಾಗದು. ಅದನ್ನು ಕತ್ತರಿಸಿ ತೆಗೆದು ಹೊಸದನ್ನು ಹಾಕಬೇಕು. ಪೈಪು ಗಿಡ್ಡವಾದಲ್ಲಿ ಒಂದು ತುಂಡು ಪೈಪು ಮತ್ತು ಕಪ್ಲಿಂಗ್ ಸೇರಿಸಬೇಕು.

ದುರಸ್ತಿಯ ಕ್ರಮ ಹೀಗಿದೆ:

1. ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪನ್ನು ಬರಿದು ಮಾಡುವುದು.

2. ಹ್ಯಾಕ್ಸಾ ಬ್ಲೇಡಿನಿಂದ ಪೈಪನ್ನು ಓರೆಯಾಗದಂತೆ ನೇರವಾಗಿ ಕತ್ತರಿಸಿ, ಅಂಚಿನ ಸಿಬಿರನ್ನು ಉಪ್ಪುಕಾಗದದಿಂದ ಉಜ್ಜುವುದು.

3. ಒಣಬಟ್ಟೆಯಿಂದ ಒರೆಸಿ, ಗಮ್ ಹಚ್ಚುವ ಮೊದಲು ಒಮ್ಮೆ ಜೋಡಿಸಿ ಅಳತೆ ನೋಡುವುದು.

4. ಪೈಪಿನ ಹೊರಮೈಗೂ ಫಿಟ್ಟಿಂಗ್‌ನ ಒಳಮೈಗೂ ತೆಳುವಾಗಿ ಗಮ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಪೂರ್ತಿ ಒಳತಳ್ಳಿ ಅರ್ಧ ನಿಮಿಷ ಅಲುಗಾಡದಂತೆ ಹಿಡಿಯುವುದು.

5. ಡಬ್ಬಿಯ ಮೇಲೆ ಸೂಚಿಸಿದಷ್ಟು ಕಾಲ ಒಣಗಲು ಬಿಡುವುದು. ಸಾಧ್ಯವಾದಲ್ಲಿ ಒಂದು ದಿನ ಕಾಯುವುದು ಉತ್ತಮ. ಬಳಿಕ ಮೊದಲು ಬರುವ ನೀರನ್ನು ಹೊರಚೆಲ್ಲಿ ನಂತರವೇ ಕುಡಿಯಲು ಹಿಡಿಯುವುದು.

ನಲ್ಲಿಯಂತಹ ಥ್ರೆಡ್ ಜೋಡಣೆಗೆ ಗಮ್ ಬೇಡ. ಟೆಫ್ಲಾನ್ ಟೇಪನ್ನು, ನಲ್ಲಿಯನ್ನು ಬಿಗಿಯುವಾಗ ಅದು ಬಿಚ್ಚಿಕೊಳ್ಳದ ದಿಕ್ಕಿನಲ್ಲಿ, ಐದಾರು ಸುತ್ತು ಸುತ್ತಿ ಕೈಯಿಂದ ಬಿಗಿದು, ಕೊನೆಗೆ ಮಾತ್ರ ಸ್ಪ್ಯಾನರ್ ಬಳಸಬೇಕು. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ಕಪ್ಪು ಎಚ್.ಡಿ.ಪಿ.ಇ. ಪೈಪಿಗೆ ಈ ಗಮ್ ಹಿಡಿಯುವುದೇ ಇಲ್ಲ; ಅದಕ್ಕೆ ರಬ್ಬರ್ ರಿಂಗ್ ಇರುವ ಕಂಪ್ರೆಷನ್ ಕಪ್ಲಿಂಗ್ ಬೇಕು. ಬಿಸಿನೀರಿನ ಸಿ.ಪಿ.ವಿ.ಸಿ. ಪೈಪಿಗೆ ಅದರದೇ ಗಮ್ ಬಳಸಬೇಕು. ಗಮ್ ಬೆಂಕಿಗೆ ಬೇಗ ಹೊತ್ತಿಕೊಳ್ಳುವುದರಿಂದ ಒಲೆ, ಬೀಡಿ ಹತ್ತಿರವಿರಬಾರದು. ಪೈಪನ್ನು ಬೆಂಕಿಗೆ ಹಿಡಿದು ಅಗಲಿಸಿ ಜೋಡಿಸುವ ರೂಢಿಯನ್ನು ಬಿಡಬೇಕು. ಹಾಗೆ ಮಾಡಿದ ಕಡೆ ಪೈಪಿನ ಗೋಡೆ ತೆಳುವಾಗಿ ಮತ್ತೆ ಒಡೆಯುತ್ತದೆ.

ಮನೆಯವರ ದುರಸ್ತಿಗೆ ಒಂದು ಮಿತಿಯೂ ಇದೆ. ಬೀದಿಯ ಮುಖ್ಯ ಕೊಳವೆಯನ್ನಾಗಲಿ, ಅದರಿಂದ ಸಂಪರ್ಕ ಪಡೆದ ಜಾಗವನ್ನಾಗಲಿ ಮನೆಯವರು ಮುಟ್ಟಬಾರದು, ನೀರುಗಂಟಿಗೆ ತಿಳಿಸಬೇಕು.

ಸದಸ್ಯರು ಮಾಡಬಹುದಾದ ಕೆಲಸಗಳು ಮೂರು. ಮೊದಲನೆಯದಾಗಿ, ನೀರು ಬಿಟ್ಟ ವೇಳೆಯಲ್ಲಿ ತಮ್ಮ ವಾರ್ಡಿನಲ್ಲೊಮ್ಮೆ ನಡೆದು, ಚರಂಡಿಯ ಬಳಿ ಸೋರುವ ಜೋಡಣೆಗಳನ್ನು ಪಟ್ಟಿ ಮಾಡಿ ಅವನ್ನೇ ಮೊದಲು ಸರಿಪಡಿಸುವಂತೆ ನೋಡಿಕೊಳ್ಳುವುದು. ಎರಡನೆಯದಾಗಿ, ಊರಿನಲ್ಲಿ ಬಳಕೆಯಲ್ಲಿರುವ ಅಳತೆಯ ಎಲ್ಬೋ, ಕಪ್ಲಿಂಗ್, ಗಮ್, ಟೇಪುಗಳನ್ನು ಪಂಚಾಯಿತಿಯಲ್ಲಿ ದಾಸ್ತಾನು ಇರಿಸುವ ವಿಷಯವನ್ನು ಸಭೆಯ ಮುಂದಿಡುವುದು. ಮೂರನೆಯದಾಗಿ, ದುರಸ್ತಿಯಾದ ಬೀದಿಯ ಕೊನೆಯ ನಲ್ಲಿಯ ನೀರನ್ನು ಪರೀಕ್ಷಾ ಕಿಟ್‌ನಿಂದ ಪರೀಕ್ಷಿಸುವಂತೆ ಮಾಡುವುದು. ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು.

ನೀರನ್ನು ಮನೆಯ ಬಾಗಿಲಿಗೆ ತಂದಷ್ಟಕ್ಕೆ ಪಂಚಾಯಿತಿಯ ಹೊಣೆ ತೀರುವುದಿಲ್ಲ. ಆ ನೀರು ಕೊಡದಲ್ಲಿ ತುಂಬುವವರೆಗೂ ಶುದ್ಧವಾಗಿ ಉಳಿಯಬೇಕು. ಒಂದು ಎಲ್ಬೋ ಮತ್ತು ಅರ್ಧ ಗಂಟೆಯ ಶ್ರಮವು ಒಂದು ಬೀದಿಯ ಮಕ್ಕಳನ್ನು ಆಸ್ಪತ್ರೆಯಿಂದ ದೂರವಿಡಬಲ್ಲದು.